ಕಂಪ್ಯೂಟರ್ ಕಾದರೆ ಫೋನ್‌ಗೆ ಮೆಸೇಜ್: ಶೆಲ್ ಸ್ಕ್ರಿಪ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಮಧ್ಯಾಹ್ನದ ಬಿಸಿಲು 42 ಡಿಗ್ರಿ ಮುಟ್ಟುವುದು ಮಾಮೂಲು. ಇಲ್ಲಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ನಾನು ನೋಡಿಕೊಳ್ಳುತ್ತೇನೆ. 24 ಲಿನಕ್ಸ್ ಮೆಷಿನ್‌ಗಳಿವೆ, ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಸರ್ವರ್ ಇದೆ. ಅವುಗಳ ಬಿಸಿಯನ್ನು ಹಗಲೂ ರಾತ್ರಿ ಕಾಯುವುದು ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್. 60 ಸಾಲು ಕೂಡ ಇಲ್ಲ. ಬೇರೆ ಕಾಲೇಜುಗಳ ಲ್ಯಾಬ್‌ನವರು, ನಮ್ಮ ಹಳೆ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳೆಲ್ಲ ಲಿನಕ್ಸ್ ಮತ್ತು ಬ್ಯಾಶ್ (ಆಜ್ಞೆಗಳನ್ನು ಓದಿ ನಡೆಸುವ ಶೆಲ್) ಲೆಕ್ಕದಲ್ಲಿವೆ.

ಜಾಸ್ತಿ ಬಿಸಿಯಾದರೆ ಕಂಪ್ಯೂಟರ್ ತಾನೇ ಆಫ್ ಆಗುತ್ತದಲ್ಲ, ಮತ್ತೆ ಸ್ಕ್ರಿಪ್ಟ್ ಯಾಕೆ?

ಆಗುತ್ತದೆ, ನಿಜ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದ ಕೂಡಲೇ ಮೊದಲು ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಮೆಷಿನ್ ದಿಢೀರ್ ಅಂತ ಆಫ್ ಆಗುತ್ತದೆ. ಆದರೆ ಆ ಏರ್ಪಾಡು ಇರುವುದು ಚಿಪ್ ಉಳಿಸಲು. ನಿಮ್ಮ ಕೆಲಸ, ನಿಮ್ಮ ಡೇಟಾ ಅದರ ಲೆಕ್ಕದಲ್ಲಿಲ್ಲ. ಡೇಟಾಬೇಸ್ ಬರೆಯುತ್ತಿರುವಾಗಲೇ ಕರೆಂಟ್ ಕಿತ್ತ ಹಾಗೆ ನಿಂತರೆ ಆಮೇಲೆ ರಿಪೇರಿಗೆ ಕೂರುವವರು ನಾವೇ ಅಲ್ವಾ?

ನಮ್ಮಲ್ಲಿ ಆಗಿದ್ದನ್ನೇ ಹೇಳುತ್ತೇನೆ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಸರ್ವರ್ ಯುಪಿಎಸ್ ಮೇಲಿತ್ತು, ಆರಾಮಾಗಿ ಓಡುತ್ತಲೇ ಇತ್ತು. ಕೋಣೆಯ ಎಸಿ ಯುಪಿಎಸ್ ಮೇಲೆ ಇರಲಿಲ್ಲ. ಬಾಗಿಲು ಮುಚ್ಚಿದ ಎಂಟಡಿ ಕೋಣೆ, ಒಳಗೆ ಬಿಸಿ ಉಗುಳುವ ಸರ್ವರ್, ಜೊತೆಗೆ ಯುಪಿಎಸ್‌ನದೇ ಕಾವು. ಕರೆಂಟ್ ವಾಪಸ್ ಬಂದರೂ ಎಸಿ ತಾನಾಗಿ ಶುರುವಾಗಲಿಲ್ಲ, ರಿಮೋಟ್ ಒತ್ತಬೇಕಿತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಮುಖಕ್ಕೆ ರೊಟ್ಟಿ ಹಂಚಿನ ಕಾವು ಹೊಡೆದ ಹಾಗಾಯಿತು. ಸರ್ವರ್ ನಿಂತಿತ್ತು. ಎರಡು ಡಿಸ್ಕ್‌ಗಳಲ್ಲಿ ಒಂದು ಮತ್ತೆ ಏಳಲೇ ಇಲ್ಲ. ಭಾನುವಾರ ಮೂರು ಗಂಟೆಗೆ ಯಾರಿಗಾದರೂ ಒಂದು ಮೆಸೇಜ್ ಬಂದಿದ್ದರೆ ವಾಚ್‌ಮನ್‌ಗೆ ಫೋನ್ ಮಾಡಿ ಬಾಗಿಲು ತೆಗೆಸಬಹುದಿತ್ತು. ಸ್ಕ್ರಿಪ್ಟ್ ಬರೆದದ್ದು ಆ ವಾರವೇ.

ತಾಪಮಾನ ಎಲ್ಲಿಂದ ಓದಬೇಕು?

‘ಎಲ್‌ಎಂ-ಸೆನ್ಸರ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ‘ಸೆನ್ಸರ್ಸ್-ಡಿಟೆಕ್ಟ್’ ಓಡಿಸಿ. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ. ಸುಮ್ನೆ ಎಂಟರ್ ಒತ್ತುತ್ತಾ ಹೋಗಿ, ಅದು ತಾನಾಗಿ ಸೂಚಿಸುವ ಉತ್ತರವೇ ಸಾಮಾನ್ಯವಾಗಿ ಸುರಕ್ಷಿತ. ಮುಗಿದ ಮೇಲೆ ‘ಸೆನ್ಸರ್ಸ್’ ಎಂದು ಟೈಪ್ ಮಾಡಿದರೆ ಪಟ್ಟಿ ಬರುತ್ತದೆ. ಇಂಟೆಲ್ ಆದರೆ ‘ಕೋರ್‌ಟೆಂಪ್’, ಎಎಂಡಿ ಆದರೆ ‘ಕೆ10ಟೆಂಪ್’ ಅನ್ನುವ ಹೆಸರಿನಡಿ ಪ್ರೊಸೆಸರ್ ಬಿಸಿ ಕಾಣುತ್ತದೆ.

ಈ ಸಂಖ್ಯೆಗಳೆಲ್ಲ ಬರುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದಲೇ. ‘ಸಿಸ್’ ಡೈರೆಕ್ಟರಿಯೊಳಗೆ ‘ಕ್ಲಾಸ್’, ಅದರೊಳಗೆ ‘ಎಚ್‌ಡಬ್ಲ್ಯೂಮಾನ್’ ಇದೆ. ಅಲ್ಲಿ ಪ್ರತಿ ಸೆನ್ಸರ್‌ಗೂ ಒಂದು ಪುಟ್ಟ ಫೈಲ್. ‘ಕ್ಯಾಟ್’ ಆಜ್ಞೆಯಿಂದ ತೆರೆದು ನೋಡಿದರೆ 47000 ಅಂತ ಕಾಣುತ್ತದೆ. ಗಾಬರಿ ಬೇಡ, ಅದು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕ, ಅಂದರೆ 47 ಡಿಗ್ರಿ. ಶೆಲ್‌ಗೆ ಇದು ವರದಾನ. ಬ್ಯಾಶ್‌ಗೆ ದಶಮಾಂಶ ಲೆಕ್ಕ ಬರುವುದಿಲ್ಲ, ಪೂರ್ಣ ಸಂಖ್ಯೆಗಳು ಮಾತ್ರ. 80 ಡಿಗ್ರಿ ಮಿತಿ ಬೇಕಿದ್ದರೆ 80000ಕ್ಕೆ ಹೋಲಿಸಿದರೆ ಆಯಿತು.

‘ಸೆನ್ಸರ್ಸ್’ ಆಜ್ಞೆಯ ಔಟ್‌ಪುಟ್ಟನ್ನು ‘ಗ್ರೆಪ್’, ‘ಆಕ್’ ಎಂಬ ಪಠ್ಯ ಹುಡುಕುವ ಆಜ್ಞೆಗಳನ್ನು ಹಾಕಿ ಕತ್ತರಿಸುವವರು ತುಂಬ ಜನ. ನನಗೆ ಅದು ಇಷ್ಟವಿಲ್ಲ. ಆ ಸಾಲುಗಳಲ್ಲಿ ಪ್ಲಸ್ ಚಿಹ್ನೆ, ಡಿಗ್ರಿ ಚಿಹ್ನೆ, ಬ್ರ್ಯಾಕೆಟ್‌ನಲ್ಲಿ ಬೇರೆ ಸಂಖ್ಯೆಗಳು ಎಲ್ಲ ಸೇರಿರುತ್ತವೆ. ಒಂದು ಜಾಗ ಆಚೀಚೆ ಆದರೆ ತಪ್ಪು ಸಂಖ್ಯೆ ಸಿಗುತ್ತದೆ. ಕತ್ತರಿಸಲೇಬೇಕು ಅಂದರೆ ಅದೇ ಆಜ್ಞೆಗೆ ‘ಜೆ’ ಆಯ್ಕೆ ಕೊಟ್ಟು ಹೆಸರು-ಬೆಲೆ ಜೋಡಿಗಳ ಜೇಸಾನ್ ರೂಪದಲ್ಲಿ ತೆಗೆದು ‘ಜೆಕ್ಯೂ’ನಿಂದ ಓದಿ.

ನಿನ್ನೆ ಸರಿಯಾಗಿ ಓದುತ್ತಿತ್ತು, ರೀಬೂಟ್ ಆದ ಮೇಲೆ ಏನೇನೋ ತೋರಿಸುತ್ತಿದೆ. ಯಾಕೆ?

ಎಚ್‌ಡಬ್ಲ್ಯೂಮಾನ್ ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆದಿದ್ದೀರಿ, ಅಷ್ಟೇ. ಆ ಸಂಖ್ಯೆಗಳು ಕಾಯಂ ಅಲ್ಲ. ಡ್ರೈವರ್‌ಗಳು ಯಾವ ಕ್ರಮದಲ್ಲಿ ಎದ್ದವೋ ಆ ಕ್ರಮದಲ್ಲಿ ಸಿಗುತ್ತವೆ. ಇವತ್ತು 2 ಆಗಿದ್ದ ಪ್ರೊಸೆಸರ್ ನಾಳೆ 3 ಆಗಬಹುದು, 2ರಲ್ಲಿ ಡಿಸ್ಕ್ ಕೂತಿರಬಹುದು. ಪ್ರತಿ ಡೈರೆಕ್ಟರಿಯಲ್ಲೂ ‘ನೇಮ್’ ಅನ್ನುವ ಫೈಲ್ ಇರುತ್ತದೆ. ಒಂದು ಲೂಪ್ ಹಾಕಿ ಅದನ್ನು ಓದಿ, ಕೋರ್‌ಟೆಂಪ್ ಅಂತ ಎಲ್ಲಿದೆಯೋ ಅಲ್ಲಿಗೆ ಹೋಗಿ. ಮನೆ ನಂಬರ್ ನೋಡಬೇಡಿ, ಬಾಗಿಲ ಮೇಲಿನ ಹೆಸರು ನೋಡಿ.

ಮದರ್‌ಬೋರ್ಡ್‌ನ ಒಂದು ಸೆನ್ಸರ್ 127 ಡಿಗ್ರಿ ಅನ್ನುತ್ತಿದೆ, ಇನ್ನೊಂದು ಮೈನಸ್‌ನಲ್ಲಿದೆ!

ಬೋರ್ಡ್ ಉರಿಯುತ್ತಿಲ್ಲ. ಚಿಪ್‌ನಲ್ಲಿ ಸೆನ್ಸರ್‌ಗೆ ಜಾಗ ಇದೆ, ಆದರೆ ಬೋರ್ಡ್ ಮಾಡಿದವರು ಅಲ್ಲಿಗೆ ಏನನ್ನೂ ಜೋಡಿಸಿಲ್ಲ. ಅದನ್ನು ಪಟ್ಟಿಯಿಂದ ಬಿಟ್ಟುಬಿಡಿ.

ಎಷ್ಟು ಡಿಗ್ರಿಗೆ ಎಚ್ಚರಿಕೆ ಇಡಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಒಂದೇ ಸಂಖ್ಯೆ ಹೇಳಿ ಕೈತೊಳೆದುಕೊಂಡರೆ ನಿಮಗೆ ಉಪಯೋಗವಿಲ್ಲ.

ಮೊದಲು ಚಿಪ್‌ನ ಮಿತಿ ತಿಳಿದುಕೊಳ್ಳಿ. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳಿಗೆ 100 ಡಿಗ್ರಿ ಮಿತಿ. ಎಎಂಡಿ ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು ಭಾರಿ ಕೆಲಸ ಇದ್ದಾಗ 95ರವರೆಗೆ ಹೋಗಿ ಅಲ್ಲೇ ನಿಲ್ಲುವಂತೆ ಮಾಡಿದವು. ಅಂಥ ಮೆಷಿನ್‌ಗೆ 85 ಅಂತ ಇಟ್ಟರೆ ವಿಡಿಯೊ ಎಡಿಟ್ ಮಾಡಿದಾಗಲೆಲ್ಲ ಫೋನ್ ಬಡಿದುಕೊಳ್ಳುತ್ತದೆ. ಮೊದಲ ತಲೆಮಾರಿನ ರೈಜನ್‌ನ ಕೆಲವು ಮಾದರಿಗಳು, ಉದಾಹರಣೆಗೆ 1800ಎಕ್ಸ್, ನಿಜವಾದ ಬಿಸಿಗೆ 20 ಡಿಗ್ರಿ ಸೇರಿಸಿ ತೋರಿಸುತ್ತಿದ್ದವು. ಅದನ್ನು ತಿಳಿಯದೆ ಕೂಲರ್ ಬದಲಿಸಿದವರನ್ನು ನೋಡಿದ್ದೇನೆ.

ಆಮೇಲೆ ನಿಮ್ಮ ಮೆಷಿನ್ನನ್ನೇ ಕೇಳಿ. ಒಂದು ವಾರ ಎಚ್ಚರಿಕೆ ಏನೂ ಬೇಡ, ಸುಮ್ನೆ 5 ನಿಮಿಷಕ್ಕೊಮ್ಮೆ ಸಮಯ ಮತ್ತು ತಾಪಮಾನವನ್ನು ಒಂದು ಫೈಲ್‌ಗೆ ಬರೆಸುತ್ತಾ ಹೋಗಿ. ವಾರದ ಕೊನೆಗೆ ಮೆಷಿನ್‌ನ ಸ್ವಭಾವ ಕಾಣುತ್ತದೆ. ನಮ್ಮ ಲ್ಯಾಬ್‌ನ ಮೆಷಿನ್‌ಗಳು ಖಾಲಿ ಇದ್ದಾಗ 40ರ ಆಸುಪಾಸು, ಮಕ್ಕಳು ಪ್ರೋಗ್ರಾಂ ಓಡಿಸುವಾಗ 65. ಹಾಗಾಗಿ 78ಕ್ಕೆ ಎಚ್ಚರಿಕೆ, 90ಕ್ಕೆ ತುರ್ತು ಅಂತ ಇಟ್ಟಿದ್ದೇನೆ. ಚಿಪ್ 100ರವರೆಗೆ ತಾಳುತ್ತದೆ, ಸರಿ. ಆದರೆ ಯಾವಾಗಲೂ 65ರಲ್ಲಿ ಇರುತ್ತಿದ್ದ ಮೆಷಿನ್ 78ಕ್ಕೆ ಹೋಯಿತು ಅಂದರೆ ಫ್ಯಾನ್‌ಗೋ ಕೋಣೆಗೋ ಏನೋ ಆಗಿದೆ. ನನಗೆ ಬೇಕಾದ ಸುದ್ದಿ ಅದು.

ಬೇಸಿಗೆ ಲೆಕ್ಕ ಮರೆಯಬೇಡಿ. ಕೂಲರ್ ಬಿಸಿಯನ್ನು ಬಿಡುವುದು ಕೋಣೆಯ ಗಾಳಿಗೆ. ಗಾಳಿ 10 ಡಿಗ್ರಿ ಏರಿದರೆ ಅದೇ ಕೆಲಸಕ್ಕೆ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಏರುತ್ತದೆ. ಜನವರಿಯಲ್ಲಿ ಅಳೆದು ಇಟ್ಟ ಮಿತಿ ಮೇ ತಿಂಗಳಿಗೆ ಹೊಂದುವುದಿಲ್ಲ. ಸಾಧ್ಯವಾದರೆ ಕೋಣೆಯ ತಾಪಮಾನವನ್ನೂ ಅಳೆಯಿರಿ. ‘ಡಿಎಸ್18ಬಿ20’ ಅನ್ನುವ ಸಣ್ಣ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ, ಅರ್ಧ ಡಿಗ್ರಿ ಆಚೀಚೆ ಸರಿಯಾಗಿ ಹೇಳುತ್ತದೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದರೆ ಅದನ್ನೂ ಫೈಲ್ ಹಾಗೆಯೇ ಓದಬಹುದು. ಸರ್ವರ್ ಕೋಣೆಗಳಿಗೆ ಆಶ್ರೇ (ಎಸಿ, ಗಾಳಿ ವ್ಯವಸ್ಥೆಯ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ) ಹೇಳುವುದು, ಮೆಷಿನ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಅಂತ. ನಮ್ಮ ಕೋಣೆ 32 ದಾಟಿದರೆ ಮೆಸೇಜ್ ಬರುತ್ತದೆ. ಎಸಿ ನಿಂತ ಸುದ್ದಿ ಪ್ರೊಸೆಸರ್‌ಗಿಂತ ಮೊದಲು ಕೋಣೆಯ ಸೆನ್ಸರ್‌ಗೇ ಗೊತ್ತಾಗುತ್ತದೆ.

ಸ್ಕ್ರಿಪ್ಟ್ ಒಳಗೆ ಏನೇನಿರಬೇಕು?

ಮಾತಿನಲ್ಲಿ ಹೇಳುತ್ತೇನೆ, ನೀವೇ ಟೈಪ್ ಮಾಡಿ. ಆಗ ಪ್ರತಿ ಸಾಲೂ ನಿಮ್ಮದಾಗುತ್ತದೆ.

ಮೇಲುಗಡೆ ಮಿತಿಗಳು: ಎಚ್ಚರಿಕೆ, ತುರ್ತು, ಮತ್ತೆ ತಣ್ಣಗಾಯಿತು ಅನ್ನಲು ಒಂದು ಸಂಖ್ಯೆ. ಆಮೇಲೆ ಹೆಸರು ಹಿಡಿದು ಸೆನ್ಸರ್ ಹುಡುಕುವ ಲೂಪ್. ಓದಿದ ಬೆಲೆ ನಿಜವಾಗಿಯೂ ಸಂಖ್ಯೆಯೇ ಅಂತ ಒಂದು ಪರೀಕ್ಷೆ. ಹಿಂದಿನ ಸಲ ಯಾವ ಸ್ಥಿತಿ ಇತ್ತು ಅಂತ ಒಂದು ಸಣ್ಣ ಫೈಲ್‌ನಿಂದ ಓದುವುದು. ಹೋಲಿಕೆ. ಸ್ಥಿತಿ ಬದಲಾಗಿದ್ದರೆ ಮಾತ್ರ ಮೆಸೇಜ್. ಹೊಸ ಸ್ಥಿತಿಯನ್ನು ಅದೇ ಫೈಲ್‌ಗೆ ಬರೆಯುವುದು. ಕೊನೆಗೆ ‘ಲಾಗರ್’ ಆಜ್ಞೆಯಿಂದ ಸಿಸ್ಟಂ ಲಾಗ್‌ಗೆ ಒಂದು ಸಾಲು.

ಸಂಖ್ಯೆಯ ಪರೀಕ್ಷೆಯನ್ನು ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸೆನ್ಸರ್ ಸಿಗದೆ ಬೆಲೆ ಖಾಲಿ ಬಂದರೆ ಬ್ಯಾಶ್ ಹೋಲಿಕೆಯಲ್ಲಿ ಒಂದು ತಪ್ಪಿನ ಸಾಲು ಮುದ್ರಿಸಿ ಮುಂದೆ ಹೋಗುತ್ತದೆ. ಹೋಲಿಕೆ ಸುಳ್ಳು ಅಂತ ಲೆಕ್ಕವಾಗುತ್ತದೆ. ಅಂದರೆ ಸೆನ್ಸರ್ ಸತ್ತಿದೆ, ಸ್ಕ್ರಿಪ್ಟ್ ಮಾತ್ರ ‘ಎಲ್ಲ ತಣ್ಣಗಿದೆ’ ಅಂದುಕೊಂಡಿದೆ. ಬೆಲೆ ಸಿಗದಿದ್ದರೂ ಮೆಸೇಜ್ ಬರಲೇಬೇಕು.

ಮೊದಲ ರಾತ್ರಿಯೇ ಇನ್ನೂರು ಮೆಸೇಜ್ ಬಂತು. ಆಫ್ ಮಾಡಿಬಿಟ್ಟೆ. ಏನು ಮಾಡಲಿ?

ಆಫ್ ಮಾಡಿದ್ದು ಸಹಜ. ಎಲ್ಲರೂ ಅದನ್ನೇ ಮಾಡುತ್ತಾರೆ. ಅದಕ್ಕೇ ಈ ಭಾಗ ಸರಿಯಾಗಬೇಕು. ಮಿತಿ 80 ಇದ್ದು ಬಿಸಿ 79, 81, 79, 81 ಅಂತ ಕುಣಿದರೆ ಪ್ರತಿ ಸಲವೂ ಹೊಸ ಎಚ್ಚರಿಕೆ ಹುಟ್ಟುತ್ತದೆ. ಏರುವುದಕ್ಕೆ ಒಂದು ಮಿತಿ, ಇಳಿಯುವುದಕ್ಕೆ ಬೇರೆ ಮಿತಿ ಇಡಿ. 80 ದಾಟಿದಾಗ ‘ಬಿಸಿ’ ಸ್ಥಿತಿ, 70ಕ್ಕಿಂತ ಕೆಳಗೆ ಬಂದಾಗ ಮಾತ್ರ ‘ಮಾಮೂಲು’. ನಡುವೆ ಏನೇ ಕುಣಿದರೂ ಮೌನ. ಮನೆಯ ಫ್ರಿಜ್ ಕೂಡ ಇದೇ ಲೆಕ್ಕದಲ್ಲಿ ಆನ್ ಆಫ್ ಆಗುತ್ತದೆ.

ಇನ್ನೊಂದು ಮಾತು. ಪ್ರೊಸೆಸರ್ ಬಿಸಿ ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ನೆಗೆದು ಮತ್ತೆ ಬೀಳಬಹುದು. ಬ್ರೌಸರ್ ತೆರೆದರೂ ಸಾಕು. ಹಾಗಾಗಿ ಸತತ ಮೂರು ಓದು ಮಿತಿಯ ಮೇಲಿದ್ದರೆ ಮಾತ್ರ ಎಚ್ಚರಿಕೆ ಅಂತ ಮಾಡಿ. ಬಿಸಿ ಹಾಗೇ ಮುಂದುವರಿದರೆ 30 ನಿಮಿಷಕ್ಕೊಂದು ನೆನಪಿನ ಮೆಸೇಜ್ ಸಾಕು. ತಣ್ಣಗಾದಾಗ ಒಂದು ಮೆಸೇಜ್ ಖಂಡಿತ ಬರಲಿ. ನಡುರಾತ್ರಿ ಎದ್ದು ಕೂತವರಿಗೆ ಅದು ಬೇಕೇ ಬೇಕು.

ಸ್ಥಿತಿಯ ಫೈಲನ್ನು ‘ರನ್’ ಡೈರೆಕ್ಟರಿಯಲ್ಲಿಡಿ. ರೀಬೂಟ್ ಆದಾಗ ಅದು ತಾನಾಗಿ ಖಾಲಿಯಾಗುತ್ತದೆ, ಹಳೆ ಸ್ಥಿತಿ ಅಂಟಿಕೊಂಡು ಕೂರುವುದಿಲ್ಲ.

ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ಗೆ ಹಾಕಿದರೆ ಓಡಲ್ಲ.

ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಆಜ್ಞೆ ಓಡಿಸುವ ವ್ಯವಸ್ಥೆ. ಹತ್ತರಲ್ಲಿ ಎಂಟು ಸಲ ಪಾಥ್, ಅಂದರೆ ಆಜ್ಞೆಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯ ತೊಂದರೆ. ನೀವು ಲಾಗಿನ್ ಆದಾಗ ಸಿಗುವ ಉದ್ದದ ಪಾಥ್ ಕ್ರಾನ್‌ಗೆ ಸಿಗುವುದಿಲ್ಲ. ಡಿಸ್ಕ್‌ನ ಆರೋಗ್ಯ ನೋಡುವ ‘ಸ್ಮಾರ್ಟ್‌ಸಿಟಿಎಲ್’ ತರಹದ ಆಜ್ಞೆಗಳು ‘ಎಸ್‌ಬಿನ್’ ಡೈರೆಕ್ಟರಿಯಲ್ಲಿ ಇರುತ್ತವೆ, ಕ್ರಾನ್ ಅಲ್ಲಿ ಹುಡುಕದೇ ಇರಬಹುದು. ಸ್ಕ್ರಿಪ್ಟ್‌ನ ತಲೆಯಲ್ಲೇ ಪಾಥ್ ಪೂರ್ತಿ ಬರೆಯಿರಿ. ತಪ್ಪುಗಳನ್ನು ಒಂದು ಲಾಗ್ ಫೈಲ್‌ಗೆ ತಿರುಗಿಸಿ, ಕಾರಣ ಅಲ್ಲೇ ಬರೆದಿರುತ್ತದೆ.

ಸ್ಕ್ರೀನ್ ಮೂಲೆಯಲ್ಲಿ ಕಾಣುವ ‘ನೋಟಿಫೈ-ಸೆಂಡ್’ ಕ್ರಾನ್‌ನಿಂದ ಬರದಿರುವುದಕ್ಕೆ ಕಾರಣ ಬೇರೆ. ಅದಕ್ಕೆ ನಿಮ್ಮ ಡೆಸ್ಕ್‌ಟಾಪ್ ಸೆಷನ್‌ನ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳಿಸುವ ದಾರಿ) ವಿಳಾಸ ಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದರೆ ಸಿಸ್ಟಂಡಿಯ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಯೂಸರ್ ಟೈಮರ್ ಬಳಸಿ, ಆ ತಲೆನೋವೇ ಇರುವುದಿಲ್ಲ.

ಎಷ್ಟು ಹೊತ್ತಿಗೊಮ್ಮೆ ಓಡಿಸಬೇಕು?

ನಿಮಿಷಕ್ಕೊಮ್ಮೆ ಸಾಕು, ಕ್ರಾನ್‌ಗೆ ಅದಕ್ಕಿಂತ ಬೇಗ ಬರುವುದೂ ಇಲ್ಲ. ಹಿಂದಿನ ಸಲದ್ದು ಮುಗಿಯದೆ ಮುಂದಿನದು ಶುರುವಾಗದಂತೆ ‘ಎಫ್‌ಲಾಕ್’ ಹಾಕಿ.

ಮೆಸೇಜ್ ಎಲ್ಲಿಗೆ ಕಳಿಸಬೇಕು?

ನಾನು ಟೆಲಿಗ್ರಾಂ ಬಳಸುತ್ತೇನೆ. ಆ್ಯಪ್‌ನಲ್ಲೇ ‘ಬಾಟ್‌ಫಾದರ್’ ಜೊತೆ ಮಾತಾಡಿ ಬಾಟ್ ಮಾಡಿಕೊಂಡರೆ ಒಂದು ಟೋಕನ್ (ಬಾಟ್‌ನ ಗುಪ್ತ ಕೀಲಿ) ಸಿಗುತ್ತದೆ. ಸ್ಕ್ರಿಪ್ಟ್‌ನಿಂದ ‘ಕರ್ಲ್’ ಆಜ್ಞೆಯ ಒಂದೇ ಸಾಲಿನಲ್ಲಿ ಮೆಸೇಜ್ ಹೋಗುತ್ತದೆ. ಟೋಕನ್ನನ್ನು ಸ್ಕ್ರಿಪ್ಟ್ ಒಳಗೆ ಬರೆಯಬೇಡಿ. ಬೇರೆ ಫೈಲ್‌ನಲ್ಲಿಟ್ಟು ಅನುಮತಿ 600 (ಮಾಲೀಕರು ಮಾತ್ರ ಓದಿ ಬರೆಯಬಹುದು) ಮಾಡಿ. ಕರ್ಲ್‌ಗೆ 10 ಸೆಕೆಂಡ್ ಗಡುವು ಕೊಡಿ, ನೆಟ್ ಇಲ್ಲದಾಗ ಅದು ಕಾಯುತ್ತಾ ಕೂತುಬಿಡುತ್ತದೆ. ಇಮೇಲ್ ಬೇಕೆಂದರೆ ‘ಎಂಎಸ್‌ಎಂಟಿಪಿ’ ಸರಳ.

ಮೆಸೇಜ್‌ನಲ್ಲಿ ಬರೀ ‘ಎಚ್ಚರಿಕೆ!’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮದು ಹೀಗಿರುತ್ತದೆ: ‘ಲ್ಯಾಬ್ ಸರ್ವರ್, ಡಿಸ್ಕ್ 1, ಈಗ 54 ಡಿಗ್ರಿ, ಮಿತಿ 50, ಕೋಣೆ 36. ಎಸಿ ನೋಡಿ.’ ಓದಿದವರು ಎದ್ದು ಹೊರಡುವ ಮುಂಚೆಯೇ ಎಲ್ಲಿಗೆ, ಯಾಕೆ ಅಂತ ಗೊತ್ತಾಗಬೇಕು. ಇಬ್ಬರಿಗೆ ಹೋಗಲಿ. ಒಬ್ಬರ ಫೋನ್ ಸೈಲೆಂಟ್‌ನಲ್ಲಿದ್ದರೆ ಇನ್ನೊಬ್ಬರಾದರೂ ನೋಡುತ್ತಾರೆ. ಕರೆಂಟ್ ಹೋದಾಗ ನೆಟ್ ಕೂಡ ಹೋಗುತ್ತದೆ ಅಂತಾದರೆ ರೌಟರ್‌ಗೂ ಯುಪಿಎಸ್ ಕೊಡಿ. ಇದು ಸಣ್ಣ ಮಾತಲ್ಲ.

ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳ ಬಿಸಿ ಹೇಗೆ ನೋಡುವುದು?

‘ಸ್ಮಾರ್ಟ್‌ಸಿಟಿಎಲ್’ ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ 194ನೇ ಸಾಲು ತಾಪಮಾನ. ಮಲಗಿದ ಡಿಸ್ಕನ್ನು ನಿಮಿಷಕ್ಕೊಮ್ಮೆ ಎಬ್ಬಿಸಬಾರದು, ಅದಕ್ಕೆ ‘ಎನ್’ ಆಯ್ಕೆಗೆ ‘ಸ್ಟ್ಯಾಂಡ್‌ಬೈ’ ಕೊಡಿ. ಕರ್ನಲ್ 5.6ರಿಂದ ‘ಡ್ರೈವ್‌ಟೆಂಪ್’ ಅನ್ನುವ ಮಾಡ್ಯೂಲ್ ಇದೆ. ಲೋಡ್ ಮಾಡಿದರೆ ಸಾಟಾ ಡಿಸ್ಕ್‌ಗಳೂ ಎಚ್‌ಡಬ್ಲ್ಯೂಮಾನ್ ಒಳಗೇ ಬರುತ್ತವೆ, ಪ್ರೊಸೆಸರ್ ಓದುವ ಲೂಪೇ ಸಾಕಾಗುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ 5.5ರಿಂದಲೇ ಈ ಅನುಕೂಲ ಇದೆ. ಹಳೆಯ ಲೇಖನಗಳಲ್ಲಿ ಬರುವ ‘ಎಚ್‌ಡಿಡಿಟೆಂಪ್’ ಬಿಟ್ಟುಬಿಡಿ, ಅದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ.

ತಿರುಗುವ ಡಿಸ್ಕ್‌ಗೆ ತಯಾರಕರು ಹೇಳುವ ಮೇಲಿನ ಮಿತಿ ಸಾಮಾನ್ಯವಾಗಿ 60. ನಾನು 50ಕ್ಕೇ ಎಚ್ಚರಿಕೆ ಇಟ್ಟಿದ್ದೇನೆ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ನೋಡಿ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ನೇರ ನಂಟಿಲ್ಲ ಎಂದು ಬರೆದರು. ತೀರಾ ಹೆಚ್ಚಿನ ಬಿಸಿಯಲ್ಲಿ ಮತ್ತು ಹಳೆಯ ಡಿಸ್ಕ್‌ಗಳಲ್ಲಿ ಮಾತ್ರ ಅದು ಎದ್ದು ಕಂಡಿತು. ಅವರ ಡಿಸ್ಕ್‌ಗಳು ಇದ್ದದ್ದು ಡೇಟಾ ಸೆಂಟರ್‌ನ ತಂಪಿನಲ್ಲಿ. ಎಸಿ ನಿಂತ ನಮ್ಮ ಕೋಣೆಗೆ ಆ ಸಮಾಧಾನ ಸಾಲದು.

ಗ್ರಾಫಿಕ್ಸ್ ಕಾರ್ಡ್?

ಎನ್‌ವಿಡಿಯಾ ಆದರೆ ‘ಎನ್‌ವಿಡಿಯಾ-ಎಸ್‌ಎಂಐ’ ಆಜ್ಞೆಯಲ್ಲಿ ತಾಪಮಾನ ಮಾತ್ರ ಕೇಳಬಹುದು, ಬರೀ ಸಂಖ್ಯೆ ಬರುತ್ತದೆ. ಎಎಂಡಿ ಕಾರ್ಡ್ ಎಚ್‌ಡಬ್ಲ್ಯೂಮಾನ್‌ನಲ್ಲೇ ಕಾಣುತ್ತದೆ.

ರಾಸ್ಪ್‌ಬೆರಿ ಪೈ?

‘ವಿಸಿಜೆನ್‌ಸಿಎಂಡಿ’ ಬಳಸಿ. 80 ಡಿಗ್ರಿ ಮುಟ್ಟಿದಾಗ ಪೈ ವೇಗ ಇಳಿಸಲು ಶುರು ಮಾಡುತ್ತದೆ, 85ಕ್ಕೆ ಇನ್ನೂ ಬಿಗಿ ಮಾಡುತ್ತದೆ. ಅದೇ ಆಜ್ಞೆಗೆ ವೇಗ ಇಳಿದಿದೆಯೇ ಎಂದು ಕೇಳಿದರೆ ಒಂದು ಕೋಡ್ ಬರುತ್ತದೆ. ಈಗ ಏನಾಗುತ್ತಿದೆ ಎನ್ನುವುದಷ್ಟೇ ಅಲ್ಲ, ಬೂಟ್ ಆದಾಗಿನಿಂದ ಒಮ್ಮೆಯಾದರೂ ಆಗಿತ್ತೇ ಎನ್ನುವುದೂ ಅದರಲ್ಲಿರುತ್ತದೆ. ಕರೆಂಟ್ ಸಾಲದೇ ಬಂದದ್ದೂ ಅಲ್ಲೇ ಕಾಣುತ್ತದೆ. ಕಡಿಮೆ ದರ್ಜೆಯ ಚಾರ್ಜರ್ ಹಿಡಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಬಾಡಿಗೆಗೆ ತೆಗೆದುಕೊಂಡ ಕ್ಲೌಡ್ ಸರ್ವರ್‌ನಲ್ಲಿ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನಲ್ಲಿ ಸೆನ್ಸರ್ ಏನೂ ಕಾಣುತ್ತಿಲ್ಲ.

ಕಾಣುವುದಿಲ್ಲ. ಅವೆರಡೂ ಸಾಮಾನ್ಯವಾಗಿ ವರ್ಚುವಲ್ ಮೆಷಿನ್, ಅಂದರೆ ಬೇರೊಂದು ಮೆಷಿನ್ ಒಳಗೆ ಓಡುವ ತೋರಿಕೆಯ ಕಂಪ್ಯೂಟರ್. ನಿಜವಾದ ಸೆನ್ಸರ್ ಹೊರಗಿನ ಮೆಷಿನ್‌ನಲ್ಲಿದೆ.

ತುರ್ತು ಮಿತಿ ದಾಟಿದರೆ ಸ್ಕ್ರಿಪ್ಟೇ ಮೆಷಿನ್ ಆಫ್ ಮಾಡಲಿ ಅಂತ ಬರೆಯಬಹುದಾ?

ಬರೆಯಬಹುದು, ನಾನೂ ಬರೆದಿದ್ದೇನೆ. ಆದರೆ ಒಂದೇ ಓದು ನೋಡಿ ಆಫ್ ಮಾಡಿಸಬೇಡಿ. ಸತತ ಐದು ಓದು 90ರ ಮೇಲಿರಲಿ. ಆಮೇಲೂ ನೇರವಾಗಿ ಆಫ್ ಬೇಡ, ‘ಶಟ್‌ಡೌನ್’ಗೆ 2 ನಿಮಿಷದ ಗಡುವು ಕೊಡಿ. ಲಾಗಿನ್ ಆದವರಿಗೆಲ್ಲ ಸೂಚನೆ ಹೋಗುತ್ತದೆ, ಬೇಕೆಂದರೆ ‘ಸಿ’ ಆಯ್ಕೆ ಕೊಟ್ಟು ತಡೆಯಬಹುದು. ವಿದ್ಯಾರ್ಥಿಗಳ ಪರೀಕ್ಷೆ ನಡೆಯುವ ದಿನ ಈ ಭಾಗವನ್ನು ಮುಚ್ಚಿಡಲು ಒಂದು ಫೈಲ್ ಗುರುತು ಇಟ್ಟುಕೊಂಡಿದ್ದೇನೆ. ಆ ಫೈಲ್ ಇದ್ದರೆ ಮೆಸೇಜ್ ಮಾತ್ರ ಬರುತ್ತದೆ.

ಒಂದು ತಿಂಗಳಿಂದ ಮೆಸೇಜೇ ಇಲ್ಲ. ಎಲ್ಲ ಚೆನ್ನಾಗಿದೆ ಅಂತಾನಾ?

ಗೊತ್ತಿಲ್ಲದೆ ನಂಬಬೇಡಿ. ನಮ್ಮಲ್ಲಿ ಒಮ್ಮೆ ಮೂರು ವಾರ ಸುಮ್ಮನಿತ್ತು. ನೋಡಿದರೆ ಸಿಸ್ಟಂ ಹೊಸದಾಗಿ ಹಾಕಿದ ಮೇಲೆ ಕ್ರಾನ್ ಸಾಲೇ ಇರಲಿಲ್ಲ. ಈಗ ದಿನಾ ಬೆಳಿಗ್ಗೆ 8 ಗಂಟೆಗೆ ಒಂದು ಮೆಸೇಜ್ ಬರುತ್ತದೆ: ನಿನ್ನೆಯ ಗರಿಷ್ಠ, ಈಗಿನ ಬಿಸಿ, ಅಷ್ಟೇ. ಚಹಾ ಕುಡಿಯುತ್ತಾ ನೋಡುತ್ತೇನೆ. ಬರದಿದ್ದರೆ ಏನೋ ಆಗಿದೆ ಎಂದರ್ಥ. ಇನ್ನೂ ಗಟ್ಟಿ ಬೇಕೆಂದರೆ ಬೇರೊಂದು ಮೆಷಿನ್ ಇದರ ಮೇಲೆ ಕಣ್ಣಿಡುವಂತೆ ಮಾಡಿ. ಸತ್ತ ಮೆಷಿನ್ ತಾನು ಸತ್ತೆ ಅಂತ ಮೆಸೇಜ್ ಕಳಿಸಲಾರದಲ್ಲ.

ಸ್ಕ್ರಿಪ್ಟ್ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಸುಲಭ ದಾರಿ, ಮಿತಿಯನ್ನು 30ಕ್ಕೆ ಇಳಿಸಿ ನೋಡುವುದು. ನಿಜವಾದ ಬಿಸಿಯಲ್ಲೇ ನೋಡಬೇಕೆಂದರೆ ಪ್ರೊಸೆಸರ್‌ಗೆ ಭಾರಿ ಕೆಲಸ ಕೊಡುವ ‘ಸ್ಟ್ರೆಸ್-ಎನ್‌ಜಿ’ಯನ್ನು 5 ನಿಮಿಷ ಓಡಿಸಿ, ಪಕ್ಕದಲ್ಲೇ ಕೂತಿರಿ.

ಪ್ರೊಮಿಥಿಯಸ್, ಜಾಬಿಕ್ಸ್ ಇವೆಯಲ್ಲ, ಸ್ಕ್ರಿಪ್ಟ್ ಯಾಕೆ?

ಅವು ಮೆಷಿನ್‌ಗಳ ಮೇಲೆ ಕಣ್ಣಿಡಲೆಂದೇ ಇರುವ ದೊಡ್ಡ ಸಾಫ್ಟ್‌ವೇರ್‌ಗಳು. ನೂರಾರು ಮೆಷಿನ್ ಇದ್ದರೆ ಅವೇ ಸರಿ. ಒಂದಿಪ್ಪತ್ತು ಮೆಷಿನ್‌ಗೆ ಸ್ಕ್ರಿಪ್ಟ್ ಸಾಕು. ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಎಚ್ಚರಿಕೆ ಬಂತು. ಕೋಣೆ ತಣ್ಣಗಿದೆ, ಕೆಲಸದ ಹೊರೆಯೂ ಇಲ್ಲ. ಈಗ?

ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ. ಹೋದ ಮಾರ್ಚ್‌ನಲ್ಲಿ 17ನೇ ನಂಬರಿನ ಮೆಷಿನ್ ಖಾಲಿ ಕೂತೇ 74 ತೋರಿಸುತ್ತಿತ್ತು. ಹೊರಗಿನಿಂದ ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಫ್ಯಾನ್‌ನ ನಾಲ್ಕು ಕ್ಲಿಪ್ ಎತ್ತಿ ತೆಗೆದಾಗ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಲಿಲ್ಲ. ಬೂದು ಬಣ್ಣದ ಕಂಬಳಿ ಹಾಸಿದ ಹಾಗೆ ಧೂಳು, ನಡುವೆ ಉದ್ದ ಕೂದಲು. ಉಗುರಿನಿಂದ ಎತ್ತಿದರೆ ಇಡೀ ಪದರ ಒಂದೇ ತುಂಡಾಗಿ ಬಂತು. ಉಳಿದದ್ದನ್ನು ಬಣ್ಣ ಹಚ್ಚುವ ಮೆತ್ತನೆ ಬ್ರಷ್‌ನಿಂದ ತೆಗೆದು, ಹೊರಗೆ ತಂದು ಬ್ಲೋವರ್ ಹಿಡಿದೆವು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಫ್ಯಾನ್ ತಾನೇ ಕರೆಂಟ್ ಹುಟ್ಟಿಸಿ ಬೋರ್ಡ್‌ಗೆ ಕಳಿಸಲೂಬಹುದು.

ಕೂಲರ್ ಪೂರ್ತಿ ತೆಗೆದರೆ ಹಳೆ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ನಮ್ಮದು ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕಡಲೆಕಾಳಿನಷ್ಟು ಪೇಸ್ಟ್ ನಡುವೆ ಇಟ್ಟು, ಕೂಲರ್ ಒತ್ತಿ ಕೂರಿಸಿದೆವು. ಮೆಷಿನ್ ಆನ್ ಮಾಡಿ ಬಾಗಿಲ ಹತ್ತಿರ ಕೈ ತೊಳೆಯುವಷ್ಟರಲ್ಲಿ ಫೋನ್ ಸದ್ದು ಮಾಡಿತು: ‘ಲ್ಯಾಬ್ 17, ಪ್ರೊಸೆಸರ್, ಈಗ 43 ಡಿಗ್ರಿ, ಮಾಮೂಲು.’